ಪಿಪ್ಪಿಯ ಊರಿಂದ ಲಾಸ್ಸೆಯ ಬೀದಿಗೆ

ದಿನ 1: ಸ್ಟಾಕ್‌ಹೋಮ್

ಶಾಲೆ ಶುರುವಾಗಿ ಎರಡು ವಾರವೂ ಆಗಿರಲಿಲ್ಲ, ಆಗಲೇ ಮಗಳಿಗೆ ರಜೆ ಕೇಳಲು ಹೋದೆ. ಕ್ಲಾಸ್ ಮಿಸ್ಸು "ಯಾಕೆ, ಮನೇಲಿ ಮದುವೆನಾ?" ಅಂದರು. "ಇಲ್ಲ ಮಿಸ್, ಒಬ್ಬ ಅಜ್ಜಿ ಮನೆ ನೋಡ್ಕೊಂಡು ಬರ್ತೀವಿ" ಅಂದೆ. ಸುಳ್ಳೇನಲ್ಲ. ಅಜ್ಜಿಯ ಹೆಸರು ಆಸ್ಟ್ರಿಡ್ ಲಿಂಡ್‌ಗ್ರೆನ್. ಕೆಂಪು ಜಡೆಯ, ಕುದುರೆಯನ್ನು ಎತ್ತಿ ಇಳಿಸುವ, ದೊಡ್ಡವರಿಲ್ಲದ ಮನೆಯಲ್ಲಿ ಒಬ್ಬಳೇ ಇರುವ ಪಿಪ್ಪಿ ಲಾಂಗ್‌ಸ್ಟಾಕಿಂಗ್‌ಳನ್ನು ಬರೆದವರು. ಪಿಪ್ಪಿಗೆ ಒಂಬತ್ತು ವರ್ಷ. ನನ್ನ ಮಗಳಿಗೂ ಒಂಬತ್ತು. ಹಾಗಾಗಿ ಈ ವರ್ಷವೇ ಹೋಗಬೇಕು ಅಂತ ಅವಳ ಹಟ.

ಅಕ್ಕ–ಭಾವ ಇರುವುದು ಸ್ಟಾಕ್‌ಹೋಮಿನ ಕಿಸ್ತಾದಲ್ಲಿ. ಟೆಲಿಕಾಂ, ಸಾಫ್ಟ್‌ವೇರ್ ಕಂಪನಿಗಳ ಜಾಗ. ಅಲ್ಲಿನ ಮೆಟ್ರೋ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದಾದರೂ ಕನ್ನಡ ಮಾತು ಕಿವಿಗೆ ಬೀಳುತ್ತದೆ. ಬೆಳಿಗ್ಗೆ ಅಕ್ಕ ಮಾಡಿದ ಉಪ್ಪಿಟ್ಟು ತಿಂದು ದಾಲಾಗಾತನ್ ಬೀದಿಯ 46ನೇ ನಂಬರಿಗೆ ಹೊರಟೆವು. 1941ರಿಂದ 2002ರ ಜನವರಿ 28ರಂದು ತೀರಿಕೊಳ್ಳುವವರೆಗೂ ಆಸ್ಟ್ರಿಡ್ ಇದ್ದದ್ದು ಇಲ್ಲೇ, ಒಂದು ಫ್ಲಾಟಿನಲ್ಲಿ. 2015ರಿಂದ ಒಳಗೆ ಬಿಡುತ್ತಾರೆ. ಚಿಕ್ಕ ಗುಂಪು, ಮೊದಲೇ ಬುಕ್ ಮಾಡಬೇಕು. ಮಗಳು ಎದುರಿನ ವಾಸಾಪಾರ್ಕನ್ ಪಾರ್ಕಿನ ಜಾರುಬಂಡೆ ನೋಡಿದ್ದೇ ದೊಡ್ಡಮ್ಮನ ಕೈ ಹಿಡಿದು ಓಡಿದಳು. ನಾನೊಬ್ಬಳೇ ಒಳಗೆ ಹೋದೆ.

ಜಗತ್ತಿನ ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋದ ಲೇಖಕಿಯ ಮನೆ ಅಂದರೆ ನಾವು ಏನೇನೋ ಅಂದುಕೊಂಡಿರುತ್ತೇವೆ. ಇಲ್ಲಿರುವುದು ನಮ್ಮ ಮಲ್ಲೇಶ್ವರದ ಯಾವುದೋ ರಿಟೈರ್ಡ್ ಮೇಡಂ ಮನೆಯಂಥ ಮನೆ. ತುಂಬ ಪುಸ್ತಕ, ಕಿಟಕಿಯ ಹತ್ತಿರ ಮೇಜು, ಟೈಪ್‌ರೈಟರ್, ಹೊರಗೆ ಪಾರ್ಕಿನ ಮರಗಳು. ಬರೆಯುತ್ತಿದ್ದದ್ದು ಮಾತ್ರ ಮೇಜಿನಲ್ಲಲ್ಲ, ಬೆಳಿಗ್ಗೆ ಹಾಸಿಗೆಯಲ್ಲಿ ಕೂತು. ಅದೂ ಶಾರ್ಟ್‌ಹ್ಯಾಂಡಿನಲ್ಲಿ! ಆಮೇಲೆ ಟೈಪ್ ಮಾಡಿ, ಮಧ್ಯಾಹ್ನ ಪ್ರಕಾಶನ ಸಂಸ್ಥೆಯ ಕೆಲಸಕ್ಕೆ ಹೊರಡುತ್ತಿದ್ದರು. 1946ರಿಂದ 1970ರವರೆಗೆ ಅಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿ. ಅವರ ಶಾರ್ಟ್‌ಹ್ಯಾಂಡ್ ಪ್ಯಾಡುಗಳೇ 670 ಉಳಿದಿವೆ. ಅದನ್ನು ಬೇರೆಯವರು ಓದುವುದೇ ಕಷ್ಟ ಅಂತ ಬಹಳ ವರ್ಷ ಎಲ್ಲರೂ ಕೈಬಿಟ್ಟಿದ್ದರು. 2020ರಲ್ಲಿ ಶಾರ್ಟ್‌ಹ್ಯಾಂಡ್ ಬಲ್ಲವರು, ಕಂಪ್ಯೂಟರಿನವರು ಎಲ್ಲ ಸೇರಿ ಬಿಡಿಸಲು ಶುರು ಮಾಡಿದರು. ನನ್ನ ಅಮ್ಮ ತಾಲ್ಲೂಕು ಕಚೇರಿಯಲ್ಲಿ ಸ್ಟೆನೋ ಆಗಿದ್ದವಳು. ದಿನಸಿ ಚೀಟಿಯನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟು ಗೋಳು ಹುಯ್ದುಕೊಳ್ಳುತ್ತಿದ್ದಳು. ಆ ಗೀಟುಗಳನ್ನು ನೋಡಿ ನನಗೆ ಅಲ್ಲೇ ನಗು ಬಂತು.

ಪಿಪ್ಪಿ ಹುಟ್ಟಿದ್ದೂ ಈ ಮನೆಯಲ್ಲೇ. 1941ರಲ್ಲಿ ಮಗಳು ಕಾರಿನ್ ನ್ಯುಮೋನಿಯಾದಿಂದ ಮಲಗಿದ್ದಾಗ ಒಂದು ಹೆಸರು ಕಟ್ಟಿ, "ಪಿಪ್ಪಿಯ ಕತೆ ಹೇಳು" ಅಂದಳಂತೆ. ಹೆಸರೇ ಅಷ್ಟು ತಿಕ್ಕಲಾಗಿದ್ದ ಮೇಲೆ ಹುಡುಗಿ ಇನ್ನೇನಾಗಲು ಸಾಧ್ಯ? ಮೂರು ವರ್ಷ ಬರೀ ಬಾಯಲ್ಲೇ ಇತ್ತು ಕತೆ. 1944ರ ಮಾರ್ಚಿನಲ್ಲಿ ಆಸ್ಟ್ರಿಡ್ ಈ ಪಾರ್ಕಿನ ಪಕ್ಕದಲ್ಲೇ ಮಂಜಿನ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಮಲಗಿದಲ್ಲೇ ಬರೆದು, ಮೇ ತಿಂಗಳಲ್ಲಿ ಕಾರಿನ್‌ಳ ಹತ್ತನೇ ಹುಟ್ಟುಹಬ್ಬಕ್ಕೆ ಕೊಟ್ಟರು. ಇನ್ನೊಂದು ಪ್ರತಿ ದೊಡ್ಡ ಪ್ರಕಾಶಕರಿಗೆ ಹೋಯಿತು, ವಾಪಸ್ ಬಂತು. ಮರುವರ್ಷ ರಾಬೆನ್ ಮತ್ತು ಶೋಗ್ರೆನ್ ಪ್ರಕಾಶನದ ಸ್ಪರ್ಧೆಯಲ್ಲಿ ಅದಕ್ಕೇ ಮೊದಲ ಬಹುಮಾನ.

ಹೊರಗೆ ಬಂದರೆ ಮಗಳ ಮೊಣಕಾಲು ತರಚಿತ್ತು. ಅಕ್ಕನ ಬ್ಯಾಗಿನಲ್ಲಿ ಬ್ಯಾಂಡೇಜ್ ಇತ್ತು. ಪರವಾಗಿಲ್ಲ, ಜಾಗಕ್ಕೆ ತಕ್ಕ ಹಾಗೇ ಬಿದ್ದಿದ್ದಾಳೆ.

ಅಲ್ಲಿಂದ ನಡೆದು ಟೆಗ್ನೇರ್‌ಲುಂಡನ್ ಅನ್ನುವ ಇನ್ನೊಂದು ಚಿಕ್ಕ ಪಾರ್ಕಿಗೆ ಹೋದೆವು. ಆಸ್ಟ್ರಿಡ್ ಪ್ರತಿಮೆ ಇದೆ. ನನಗೆ ನೋಡಬೇಕಿದ್ದದ್ದು ಬೆಂಚು. 1954ರ "ಮಿಯೋ, ನನ್ನ ಮಗ" ಪುಸ್ತಕದ ಹುಡುಗ ಸಂಜೆಗತ್ತಲಲ್ಲಿ ಒಬ್ಬನೇ ಕೂರುವುದು ಇಲ್ಲಿನ ಬೆಂಚಿನ ಮೇಲೆ. ಸಾಕುತಂದೆ–ತಾಯಿಗೆ ಅವನು ಬೇಡ. ಸುತ್ತಲಿನ ಮನೆಗಳಲ್ಲಿ ದೀಪ ಹತ್ತಿದೆ, ಒಳಗೆ ಮಕ್ಕಳು ಅಪ್ಪ–ಅಮ್ಮನ ಜತೆ ಊಟಕ್ಕೆ ಕೂತಿದ್ದಾರೆ. ಈ ಹುಡುಗ ಹೊರಗೆ. ಓದಿದಾಗಲೆಲ್ಲ ನನಗೊಂದು ಅನುಮಾನ: ಇಷ್ಟು ಹತ್ತಿರದಿಂದ ಬರೆಯಬೇಕಾದರೆ ಅಂಥ ಒಬ್ಬ ಹುಡುಗ ಈಯಮ್ಮನಿಗೆ ಗೊತ್ತಿರಲೇಬೇಕು, ಅಲ್ವಾ? ಗೊತ್ತಿದ್ದ. ಅವನ ಹೆಸರು ಲಾಸ್ಸೆ. ಅದು ಮುಂದೆ.

ರಾತ್ರಿ ಹತ್ತಕ್ಕೂ ಬೆಳಕು. ಮಗಳು ನಿದ್ದೆ ಮಾಡಲು ಒಪ್ಪಲೇ ಇಲ್ಲ.

ದಿನ 2: ಸ್ಟಾಕ್‌ಹೋಮ್

ಯುನಿಬಾಕನ್. ಮಕ್ಕಳ ಕತೆಗಳಿಗೇ ಕಟ್ಟಿದ ಮನೆ, 1996ರಲ್ಲಿ ಶುರುವಾದದ್ದು. ಒಳಗೆ ಪುಟ್ಟ ರೈಲಿನಲ್ಲಿ ಕೂತು ಆಸ್ಟ್ರಿಡ್ ಕತೆಗಳ ಮಧ್ಯೆ ತೇಲಿಕೊಂಡು ಹೋಗಬೇಕು. ಚೆನ್ನಾಗಿದೆ, ಜನ ಜಾಸ್ತಿ. ಮಗಳು ಮೂರು ಸಲ ಹೋಗೋಣ ಅಂದಳು, ಒಂದೇ ಸಲ ಹೋದೆವು.

ಇವತ್ತಿನ ನಿಜವಾದ ಸಾಹಸ ಇಪ್ಪತ್ತು ಕ್ರೋನರ್ ನೋಟು. ಆ ನೋಟಿನ ಮೇಲೆ ಆಸ್ಟ್ರಿಡ್ ಚಿತ್ರ ಇದೆ. ಮಗಳಿಗೆ ಒಂದು ಬೇಕೇ ಬೇಕು. ಆದರೆ ಈ ದೇಶದಲ್ಲಿ ದುಡ್ಡನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಕಾಫಿ ಅಂಗಡಿಯಲ್ಲಿ ಕೇಳಿದೆ, ಇಲ್ಲ. ಹೂವಿನವಳು ನಕ್ಕಳು. ಕೊನೆಗೆ ಭಾವ ಮನೆಯ ಡ್ರಾಯರ್ ಕೆಳಗೆ ಮೇಲೆ ಮಾಡಿ, ಹಳೆ ಸಿಮ್ ಕಾರ್ಡುಗಳ ನಡುವಿನಿಂದ ಒಂದು ನೇರಳೆ ನೋಟು ತೆಗೆದುಕೊಟ್ಟರು. "ನಾಲ್ಕು ವರ್ಷದಿಂದ ಇದೆ ಕಣೇ, ಖರ್ಚು ಮಾಡೋಕೆ ಜಾಗವೇ ಸಿಕ್ಕಿಲ್ಲ" ಅಂದರು.

ದುಡ್ಡಿನ ಮಾತು ಬಂತಲ್ಲ, ಭಾವನಿಗೆ ಆಸ್ಟ್ರಿಡ್ ಇಷ್ಟವಾಗಿದ್ದೇ ತೆರಿಗೆ ವಿಷಯದಲ್ಲಿ. 1976ರಲ್ಲಿ ಒಂದು ಲೆಕ್ಕ ಬಂತು. ಸ್ವಂತ ಉದ್ಯೋಗದವರ ಮೇಲಿನ ತೆರಿಗೆ, ಶುಲ್ಕ ಎಲ್ಲ ಸೇರಿ ಅವರು ಗಳಿಸುವ ಮೇಲಿನ ಹಣಕ್ಕೆ 102 ಪರ್ಸೆಂಟ್ ಕಟ್ಟಬೇಕು! ನೂರು ದುಡಿದರೆ ನೂರಾ ಎರಡು ಸರ್ಕಾರಕ್ಕೆ. ಆಸ್ಟ್ರಿಡ್ ಲೇಖನ ಬರೆಯಲಿಲ್ಲ, ಕತೆ ಬರೆದರು. ಪೊಂಪೆರಿಪೊಸ್ಸಾ ಅನ್ನುವ ಕತೆಗಾರ್ತಿ, ದುಡ್ಡಿನ ನಾಡು, ಅಲ್ಲಿನ ಜಾಣ ಆಡಳಿತಗಾರರು. ಮಾರ್ಚಿನಲ್ಲಿ ಎಕ್ಸ್‌ಪ್ರೆಸ್ಸೆನ್ ಪತ್ರಿಕೆಯಲ್ಲಿ ಬಂತು. ಹಣಕಾಸು ಮಂತ್ರಿ ಗುನ್ನಾರ್ ಸ್ಟ್ರೆಂಗ್, ಈಕೆಗೆ ಕತೆ ಬರುತ್ತೆ ಲೆಕ್ಕ ಬರಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಮಂತ್ರಿಗಳಿಗೂ ಕತೆ ಹೇಳೋಕೆ ಬರುತ್ತಲ್ಲ, ಕೆಲಸ ಅದಲು ಬದಲು ಮಾಡಿಕೊಳ್ಳೋಣ ಅಂದರು ಇವರು. ಸೆಪ್ಟೆಂಬರಿನಲ್ಲಿ ಚುನಾವಣೆ. ನಲವತ್ತು ವರ್ಷಕ್ಕೂ ಹೆಚ್ಚು ಅಧಿಕಾರದಲ್ಲಿದ್ದ ಪಕ್ಷ ಸೋತಿತು. ಅದೊಂದೇ ಕಾರಣ ಅಂತಲ್ಲ. ಆದರೂ ಅರವತ್ತೆಂಟರ ಅಜ್ಜಿ!

ದಿನ 3: ವಿಮ್ಮರ್‌ಬಿ ಕಡೆಗೆ

ಲಿಂಕೋಪಿಂಗ್‌ವರೆಗೆ ದೊಡ್ಡ ರೈಲು, ಅಲ್ಲಿಂದ ಚಿಕ್ಕ ರೈಲು. ಕಾಗದದ ಮೇಲೆ ಎಷ್ಟು ಸುಲಭ! ದೊಡ್ಡ ರೈಲು ದಾರಿಯಲ್ಲಿ ನಲವತ್ತು ನಿಮಿಷ ನಿಂತಿತು. ಚಿಕ್ಕದು ನಮ್ಮನ್ನು ಕಾಯಲಿಲ್ಲ. ಮುಂದಿನದ್ದರ ಬದಲು ಬಸ್ಸು ಅಂದರು. ಬಸ್ಸು ಸ್ಟೇಷನ್ನಿನ ಯಾವ ಕಡೆ ಬರುತ್ತೆ ಅಂತ ಅಲ್ಲಿದ್ದವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಎರಡು ಸುತ್ತು ಓಡಿದೆವು. ಸ್ವೀಡನ್ನಿನಲ್ಲಿ ಎಲ್ಲ ಗಡಿಯಾರದ ಹಾಗೆ ನಡೆಯುತ್ತೆ ಅಂತ ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸಿ. ಒಂದು ಸಮಾಧಾನ, ಬಸ್ಸಿನ ದಾರಿ ಚಂದ ಇತ್ತು. ಕೆರೆ, ಪೈನ್ ಕಾಡು, ಬಂಡೆ, ಹಳ್ಳದಲ್ಲಿ ನೇರಳೆ ಲೂಪಿನ್ ಹೂವು. ಮನೆಗಳೆಲ್ಲ ಒಂದೇ ಕಾವಿ ಕೆಂಪು, ಅಂಚು ಬಿಳಿ. ಆ ಬಣ್ಣ ಫಾಲುನ್ ತಾಮ್ರದ ಗಣಿಯ ಮಣ್ಣಿನಿಂದ ಬಂದದ್ದು. ಮರ ಕೊಳೆಯದ ಹಾಗೆ ಕಾಯುತ್ತದಂತೆ.

ವಿಮ್ಮರ್‌ಬಿ ಸ್ಮೋಲಾಂಡ್ ಪ್ರಾಂತ್ಯದ ಚಿಕ್ಕ ಪೇಟೆ. ಚೌಕದಲ್ಲಿ ಕಂಚಿನ ಆಸ್ಟ್ರಿಡ್ ಟೈಪ್‌ರೈಟರ್ ಮುಂದೆ ಕೂತಿದ್ದಾರೆ. ಊಟಕ್ಕೆ ಮೊದಲೇ ತಿಂಡಿ ತಿಂದೆವು. ಊಸ್ತ್‌ಕಾಕಾ, ಈ ಕಡೆಯ ಸ್ಪೆಷಲ್. ಹಾಲು ಹೆಪ್ಪುಗಟ್ಟಿಸಿ, ಮೊಟ್ಟೆ, ಬಾದಾಮಿ ಹಾಕಿ ಒಲೆಯಲ್ಲಿ ಬೇಯಿಸಿದ್ದು. ಬೆಚ್ಚಗೆ ಕೊಡುತ್ತಾರೆ, ಮೇಲೆ ಕೆನೆ ಮತ್ತು ಹಣ್ಣಿನ ಜಾಮ್. ಚಮಚ ಹಾಕಿದರೆ ಹದವಾಗಿ ಮುರಿಯುತ್ತದೆ, ಹಲ್ಲಿಗೆ ಸಣ್ಣಗೆ ಕಿರ್ ಅನ್ನುತ್ತದೆ. ಮಗಳು ಒಂದು ತುತ್ತಿಗೇ ಹೇಳಿದಳು: "ಅಮ್ಮ, ಗಿಣ್ಣು!" ಹೌದಲ್ಲ, ಏಲಕ್ಕಿ–ಬೆಲ್ಲ ಇಲ್ಲದ ಗಿಣ್ಣು. ಸ್ವೀಡನ್ನಿನಲ್ಲಿ ಈದ ಹಸುವಿನ ಮೊದಲ ಹಾಲಿನಲ್ಲಿ ಮಾಡುವ ನಿಜವಾದ ಗಿಣ್ಣೂ ಇದೆ. ಅದಕ್ಕೆ ಅವರ ಹೆಸರು "ಕರುವಿನ ಕುಣಿತ".

ಪಿಪ್ಪಿಯ ಮೇಲೆ 1946ರಲ್ಲಿ ಯೋನ್ ಲಾಂಡ್‌ಕ್ವಿಸ್ಟ್ ಅನ್ನುವ ಪ್ರೊಫೆಸರ್ ಪತ್ರಿಕೆಯಲ್ಲಿ ಹರಿಹಾಯ್ದಿದ್ದರು. ಸರಿಯಿರುವ ಯಾವ ಮಗುವೂ ಕಾಫಿ ಪಾರ್ಟಿಯಲ್ಲಿ ಇಡೀ ಕೆನೆ ಕೇಕ್ ತಿನ್ನುವುದಿಲ್ಲ ಅಂತ. ಇದನ್ನು ಮಗಳಿಗೆ ಹೇಳಿದೆ. ಅವಳು ನನ್ನ ತಟ್ಟೆಯನ್ನೂ ಎಳೆದುಕೊಂಡಳು.

ದಿನ 4: ಆಸ್ಟ್ರಿಡ್ ಲಿಂಡ್‌ಗ್ರೆನ್ ಲೋಕ

ಥೀಮ್ ಪಾರ್ಕ್ ಅಂದಾಗ ನನಗೆ ಭಯವೇ ಇತ್ತು. ಕಿವಿ ಹರಿಯುವ ಹಾಡು, ತಿರುಗುವ ತೊಟ್ಟಿಲು, ಕ್ಯೂ. ಇಲ್ಲಿ ಅದ್ಯಾವುದೂ ಇಲ್ಲ. 1981ರಲ್ಲಿ ಊರಿನ ಕೆಲವು ಮನೆಯವರು ಸೇರಿ, ಆಸ್ಟ್ರಿಡ್ ಕತೆಗಳ ತುಂಟ ಹುಡುಗ ಎಮಿಲ್‌ನ ಹಟ್ಟಿಯನ್ನು ಮೂರನೇ ಒಂದು ಅಳತೆಯಲ್ಲಿ ಕಟ್ಟಿದ್ದರಿಂದ ಶುರುವಾದದ್ದು. ಈಗ ಒಂದು ಊರೇ ಇದೆ. ಮಕ್ಕಳ ಎತ್ತರದ ಅಂಗಡಿ, ಮಕ್ಕಳ ಎತ್ತರದ ಬಾಗಿಲು. ನಾನು ಎರಡು ಕಡೆ ತಲೆ ಬಡಿಸಿಕೊಂಡೆ. ಉಳಿದದ್ದೆಲ್ಲ ನಾಟಕ. ಪಿಪ್ಪಿ ಮನೆಯ ಛಾವಣಿ ಮೇಲೆ ಪೊಲೀಸರನ್ನು ಓಡಾಡಿಸುತ್ತಾಳೆ, ಎಮಿಲ್ ಸಾರಿನ ಬೋಗುಣಿಗೆ ತಲೆ ತೂರಿಸುತ್ತಾನೆ. ಮಾತು ಪೂರ್ತಿ ಸ್ವೀಡಿಷ್. ಮಗಳಿಗೆ ಒಂದಕ್ಷರ ಅರ್ಥವಾಗದಿದ್ದರೂ ಬಯಲಾಟ ನೋಡುವ ಮಕ್ಕಳ ಹಾಗೆ ಮುಂದಿನ ಸಾಲಿಗೇ ನುಗ್ಗಿ ಕೂತು ಬಿದ್ದು ಬಿದ್ದು ನಕ್ಕಳು.

ಒಂದು ಗಳಿಗೆ ಮಾತ್ರ ನಾನು ಸುಮ್ಮನಾದೆ. ಪಿಪ್ಪಿ ಆಕಾಶದ ಕಡೆ ಮುಖ ಎತ್ತಿ ಕೈ ಬೀಸಿದಳು. ಪುಸ್ತಕದಲ್ಲೂ ಇದೆ. ಪಿಪ್ಪಿಯ ಅಮ್ಮ ಸತ್ತು ಸ್ವರ್ಗದಲ್ಲಿದ್ದಾಳೆ, ಮಗಳು ಆಗಾಗ ಮೇಲೆ ನೋಡಿ ಕೈ ಬೀಸಿ, ನೀನೇನೂ ಚಿಂತೆ ಮಾಡಬೇಡ, ನಾನು ಹೇಗೋ ಇರ್ತೀನಿ ಅನ್ನುತ್ತಾಳೆ. ಮಕ್ಕಳು ನಗುತ್ತಿದ್ದರು. ಎಷ್ಟು ದಿನ ನಾನೂ ಅದನ್ನು ತಮಾಷೆ ಅಂತಲೇ ಓದಿದ್ದೆ.

ಟಿಕೆಟ್ ದರ ಹೇಳುವುದಿಲ್ಲ. ರೂಪಾಯಿಗೆ ಗುಣಿಸುವುದನ್ನು ಎರಡನೇ ದಿನವೇ ಬಿಟ್ಟಿದ್ದೆ.

ದಿನ 5: ನೇಸ್

ಆಸ್ಟ್ರಿಡ್ ಹುಟ್ಟಿದ ಮನೆ, ಪೇಟೆಯಿಂದ ನಡೆದೇ ಹೋಗಬಹುದು. ನೇಸ್ ಅಂತ ಹೆಸರು ಕೇಳಿ ಮಗಳು "ನೇಸರ ಮನೆ" ಅಂತ ಕರೆದುಬಿಟ್ಟಳು. 1907ರ ನವೆಂಬರ್ 14ರಂದು ಇಲ್ಲಿ ಹುಟ್ಟಿದರು. ಅಪ್ಪ ಸಾಮುಯೆಲ್ ಆಗಸ್ಟ್, ಅಮ್ಮ ಹನ್ನಾ. ಚರ್ಚಿನ ಪಾದ್ರಿಗೆ ಸೇರಿದ ಜಮೀನನ್ನು ಗೇಣಿಗೆ ಮಾಡುತ್ತಿದ್ದ ರೈತರು. ಅಣ್ಣ ಗುನ್ನಾರ್, ತಂಗಿಯರು ಸ್ಟೀನಾ, ಇಂಗೆಗೆರ್ಡ್. ಅಪ್ಪ ಹದಿಮೂರರಲ್ಲಿದ್ದಾಗಲೇ ಒಂಬತ್ತರ ಹನ್ನಾಳನ್ನು ಶಾಲೆಯಲ್ಲಿ ನೋಡಿ ಮನಸ್ಸು ಕೊಟ್ಟಿದ್ದನಂತೆ. ಬಾಳಿನುದ್ದಕ್ಕೂ ಹೆಂಡತಿಯನ್ನು ಎಲ್ಲರ ಮುಂದೆಯೇ ಮುದ್ದು ಮಾಡುತ್ತಿದ್ದ ರೈತ. ನೂರು ವರ್ಷದ ಹಿಂದೆ, ಹಳ್ಳಿಯಲ್ಲಿ!

ಕೆಂಪು ಮರದ ಮನೆ. ಒಳಗೆ ಕೋಣೆ ಚಿಕ್ಕವು. ಮಲಗುವ ಕೋಣೆಯಲ್ಲಿ ಮಕ್ಕಳು ನೆಲ ಮುಟ್ಟದೆ ಮಂಚ, ಕುರ್ಚಿ, ಬಾಗಿಲು, ಬೀರು ಹಿಡಿದು ಸುತ್ತು ಹಾಕುವ ಆಟ ಆಡುತ್ತಿದ್ದರು. ಪಿಪ್ಪಿಯೂ ಆಡುತ್ತಾಳೆ. ನಮ್ಮ ಕಲ್ಲು–ಮಣ್ಣು ಆಟದ ನೆಂಟ. ಗೈಡ್ ಹುಡುಗಿ ಇದನ್ನು ಹೇಳುತ್ತಿರುವಾಗಲೇ ಮಗಳ ಕಣ್ಣು ಬೀರುವಿನ ಕಡೆ ಹೋಯಿತು. ಭುಜ ಗಟ್ಟಿಯಾಗಿ ಹಿಡಿದುಕೊಂಡೆ.

ಹೊರಗೆ ಆ ಮರ. ಹಳೆಯ ಎಲ್ಮ್ ಮರ, ಕಾಂಡ ಪೊಳ್ಳು, ಒಬ್ಬ ಮಗು ಒಳಗೆ ನಿಲ್ಲಬಹುದು. ಪಿಪ್ಪಿಯ ಅಂಗಳದಲ್ಲಿ ಶರಬತ್ತಿನ ಬಾಟಲಿ ಬಿಡುವ ಮರ ಇದೇ. ತೊಗಟೆ ನಮ್ಮೂರ ಹಳೆ ಹುಣಸೆ ಮರದ ಹಾಗೆ ಸೀಳು ಸೀಳು, ಸೀಳಿನಲ್ಲಿ ಇರುವೆ ಸಾಲು. ಈ ಮರದಲ್ಲಿ ಗೂಬೆ ಗೂಡು ಕಟ್ಟಿತ್ತು. ಗುನ್ನಾರ್ ಅದಕ್ಕೆ ಒಂದು ಕೋಳಿಮೊಟ್ಟೆ ಸೇರಿಸಿಟ್ಟ. ಗೂಬೆ ಪಾಪ ಕಾವು ಕೊಟ್ಟು ಮರಿ ಮಾಡಿತು! ಆಮೇಲೆ ಅದೂ ಕತೆಯಾಯಿತು.

ಕತೆ ಅನ್ನುವುದು ಆಸ್ಟ್ರಿಡ್ ಕಿವಿಗೆ ಮೊದಲು ಬಿದ್ದದ್ದು ಇಲ್ಲಿನ ಕೊಟ್ಟಿಗೆ ಆಳಿನ ಮನೆಯ ಅಡುಗೆಮನೆಯಲ್ಲಿ. ಅವನ ಮಗಳು ಈಡಿತ್ ಒಬ್ಬ ರಾಕ್ಷಸನ, ಒಬ್ಬ ಕಿನ್ನರಿಯ ಕತೆ ಓದಿ ಹೇಳಿದಳು. ಹದಿಮೂರಕ್ಕೆ ಆಸ್ಟ್ರಿಡ್ ಬರೆದ ಶಾಲೆಯ ಪ್ರಬಂಧ ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲರೂ ಸ್ವೀಡನ್ನಿನ ಹೆಸರಾಂತ ಲೇಖಕಿ ಸೆಲ್ಮಾ ಲಾಗರ್‌ಲೋಫ್‌ಗೆ ಹೋಲಿಸಿ ರೇಗಿಸಿದ್ದಕ್ಕೆ, ಲೇಖಕಿ ಮಾತ್ರ ಆಗಬಾರದು ಅಂತ ತೀರ್ಮಾನ ಮಾಡಿದರಂತೆ. ಓದು ಮುಗಿದ ಮೇಲೆ ಅದೇ ಪತ್ರಿಕೆಯಲ್ಲಿ ಕೆಲಸ. ಜಡೆ ಕತ್ತರಿಸಿ ಬಾಬ್ ಮಾಡಿಕೊಂಡರು. ಊರಿಗೆ ಊರೇ ಮಾತಾಡಿತು.

ಹದಿನೆಂಟಕ್ಕೆ ಬಸುರಾದರು. ಪತ್ರಿಕೆಯ ಸಂಪಾದಕ ರೇನ್‌ಹೋಲ್ಡ್ ಬ್ಲೂಮ್‌ಬೆರ್ಗ್, ಮೂವತ್ತು ವರ್ಷದಷ್ಟು ದೊಡ್ಡವನು, ಮದುವೆಯಾಗಿ ಮಕ್ಕಳಿದ್ದವನು. ಅವನು ಮದುವೆಗೆ ಒಪ್ಪಿದ, ಇವರು ಒಪ್ಪಲಿಲ್ಲ. ಸ್ಟಾಕ್‌ಹೋಮಿಗೆ ಹೋಗಿ ಸ್ಟೆನೋ ಕಲಿತರು. ಅಲ್ಲಿ ಎವಾ ಆಂಡೇನ್ ಅನ್ನುವ ಮಹಿಳಾ ವಕೀಲರು ದಾರಿ ತೋರಿಸಿದರು. ಕೋಪನ್‌ಹೇಗನ್ನಿನ ದೊಡ್ಡಾಸ್ಪತ್ರೆಯಲ್ಲಿ ತಂದೆಯ ಹೆಸರು ಹೇಳದೆಯೇ ಹೆರಬಹುದಿತ್ತು. 1926ರ ಡಿಸೆಂಬರ್ 4ರಂದು ಲಾಸ್ಸೆ ಹುಟ್ಟಿದ. ಅಲ್ಲೇ ಮರೀ ಸ್ಟೀವನ್ಸ್ ಎಂಬ ಸಾಕುತಾಯಿಯ ಮನೆಯಲ್ಲಿ ಬಿಟ್ಟು ವಾಪಸ್ ಬಂದರು.

ಸಂಜೆ ಸ್ಮಶಾನಕ್ಕೆ ಹೋದೆವು. ಅಪ್ಪ–ಅಮ್ಮನ ಹತ್ತಿರವೇ ಆಸ್ಟ್ರಿಡ್ ಸಮಾಧಿ. ಕೆತ್ತಿ ನಯ ಮಾಡದ ಒಂದು ಒರಟು ಕಲ್ಲು. ಯಾರೋ ಪೈನ್ ಕಾಯಿಗಳನ್ನು ಸಾಲಾಗಿ ಜೋಡಿಸಿ ಹೋಗಿದ್ದರು.

ದಿನ 6: ಸೇವೆಡ್ಸ್‌ಟೋರ್ಪ್, ಗಿಬ್ಬೆರಿಡ್

ಬಾಡಿಗೆ ಕಾರು. ಸೇವೆಡ್ಸ್‌ಟೋರ್ಪ್‌ನಲ್ಲಿ ಸಾಲಾಗಿ ಮೂರೇ ಮನೆ. ಇದೇ ಬುಲ್ಲರ್‌ಬಿ ಮಕ್ಕಳ ಕತೆಗಳ ಊರು. ನಡುವಿನ ಮನೆಯಲ್ಲಿ ಸಾಮುಯೆಲ್ ಆಗಸ್ಟ್ ಬೆಳೆದದ್ದು. ಅರ್ಧ ಗಂಟೆ ಸಾಕು. ಹುಲ್ಲಟ್ಟದ ಮೇಲಿಂದ ಹಾರಲು ಬಿಡುತ್ತಾರೆ, ಹಾರಿದೆವು. ನಾನೂ.

ಗಿಬ್ಬೆರಿಡ್‌ನಲ್ಲಿರುವುದು ಎಮಿಲ್ ಸಿನಿಮಾಗಳಿಗೆ ಬಳಸಿದ ಹಟ್ಟಿ. ತಂಗಿ ಈಡಾಳನ್ನು ಎಮಿಲ್ ಏರಿಸಿದ ಧ್ವಜದ ಕಂಬ ಇದೆ. ಅವನನ್ನು ಕೂಡಿಹಾಕುತ್ತಿದ್ದ ಮರಗೆಲಸದ ಶೆಡ್ಡೂ ಇದೆ, ತುಂಬ ಅವನು ಕೆತ್ತಿದ ಮರದ ಗೊಂಬೆಗಳು. ಅಪ್ಪ ಕೂಗಾಡುತ್ತಾನೆ, ಹುಡುಗ ಓಡಿ ಶೆಡ್ ಸೇರಿ ಒಳಗಿನಿಂದ ತಾನೂ ಚಿಲಕ ಹಾಕಿಕೊಳ್ಳುತ್ತಾನೆ. ಶಿಕ್ಷೆಯೇ ಅವನಿಗೆ ರಕ್ಷೆ.

ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಮಗಳಿಗೆ ಇನ್ನೊಂದು ಕತೆ ಹೇಳಿದೆ. 1978ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಸ್ಟ್ರಿಡ್‌ಗೆ ಶಾಂತಿ ಪ್ರಶಸ್ತಿ ಕೊಟ್ಟರು. ಭಾಷಣ ಮೊದಲೇ ಓದಿ ನೋಡಿದ ಸಂಘಟಕರು, ಸುಮ್ನೆ ಪ್ರಶಸ್ತಿ ತಗೊಂಡು ಥ್ಯಾಂಕ್ಸ್ ಹೇಳಿ ಸಾಕು ಅಂದರಂತೆ. ಹಾಗಾದರೆ ಬರುವುದೇ ಇಲ್ಲ ಅಂದರು ಇವರು. ಕೊನೆಗೆ ಭಾಷಣ ಮಾಡಿಯೇ ಮಾಡಿದರು. ಅದರಲ್ಲಿ ಒಬ್ಬ ತಾಯಿಯ ಕತೆ ಬರುತ್ತದೆ. ಮಗ ತಪ್ಪು ಮಾಡಿದ್ದಾನೆ. ಹೊಡೆಯಲು ಒಂದು ಬರಲುಕಡ್ಡಿ ನೀನೇ ಹೋಗಿ ತಗೊಂಡು ಬಾ ಅನ್ನುತ್ತಾಳೆ. ತುಂಬ ಹೊತ್ತಾದ ಮೇಲೆ ಹುಡುಗ ಅಳುತ್ತಾ ಬರುತ್ತಾನೆ: "ಬರಲು ಸಿಗಲಿಲ್ಲ, ಈ ಕಲ್ಲು ಸಿಕ್ಕಿತು, ಇದನ್ನೇ ಎಸಿ." ಅಮ್ಮ ನೋಯಿಸಬೇಕು ಅಂತಿದ್ದಾಳೆ, ನೋಯಿಸಲು ಕಲ್ಲಾದರೂ ಆದೀತು ಅಂತ ಅವನ ಲೆಕ್ಕ. ತಾಯಿ ಅವನನ್ನು ಅಪ್ಪಿಕೊಂಡು ಅತ್ತಳು. ಕಲ್ಲನ್ನು ಅಡುಗೆಮನೆಯ ಗೂಡಿನಲ್ಲಿಟ್ಟಳು. ಮರುವರ್ಷ ಸ್ವೀಡನ್ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಲ್ಲಿ ನಿಲ್ಲಿಸಿತು. ಜಗತ್ತಿನಲ್ಲೇ ಮೊದಲು.

ನಮ್ಮ ಪ್ರೈಮರಿ ಶಾಲೆಯಲ್ಲೂ ಹಾಗೇ. "ನೀನೇ ಹೋಗಿ ಲಕ್ಕಿ ಬರಲು ಕಿತ್ಕೊಂಡು ಬಾ." ನಾನು ಬೇಕಂತಲೇ ಒಣಗಿ ಮುರಿಯುವಂಥದ್ದು ಹುಡುಕುತ್ತಿದ್ದೆ. ಮಗಳು "ನಿಜವಾಗ್ಲೂ ಹೊಡೀತಿದ್ರಾ?" ಅಂತ ನನ್ನ ಅಂಗೈ ತಿರುಗಿಸಿ ನೋಡಿದಳು.

ದಿನ 7: ಕೋಪನ್‌ಹೇಗನ್

ವಾಪಸ್ ವಿಮಾನ ರಾತ್ರಿ, ಕೋಪನ್‌ಹೇಗನ್ನಿಂದ. ಅಗ್ಗ ಅಂತ ಮನೆಯವರಿಗೆ ಹೇಳಿದ್ದೆ. ನಿಜವಾದ ಕಾರಣ ಬೇರೆ.

ಊರಿನ ಹೊರಗೆ ಬ್ರೋನ್ಸ್‌ಹೋಯ್ ಅನ್ನುವ ಬಡಾವಣೆ. ಅಲ್ಲಿ ಹೋಬೆಟ್ಸ್ ಅಲ್ಲೇ ಅನ್ನುವ ರಸ್ತೆ. ಅರ್ಥ "ಭರವಸೆಯ ಬೀದಿ". ಇಂಥ ಹೆಸರನ್ನು ಕತೆಗಾರರು ಇಟ್ಟರೆ ಅತಿಯಾಯಿತು ಅನ್ನುತ್ತೇವೆ. ಆದರೆ ಲಾಸ್ಸೆ ಮೂರು ವರ್ಷ ಬೆಳೆದದ್ದು ಈ ಬೀದಿಯಲ್ಲೇ. ಆಸ್ಟ್ರಿಡ್ ಸ್ಟಾಕ್‌ಹೋಮಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಾ, ಊರಿಂದ ಬರುವ ಬುತ್ತಿಯಲ್ಲಿ ಹೊಟ್ಟೆ ಹೊರೆಯುತ್ತಾ, ಟಿಕೆಟ್ಟಿಗೆ ದುಡ್ಡು ಕೂಡಿದಾಗ ಶುಕ್ರವಾರ ರಾತ್ರಿಯ ರೈಲು ಹಿಡಿಯುತ್ತಿದ್ದರು. ನಾವು ಸಮುದ್ರದ ಮೇಲಿನ ಸೇತುವೆಯಲ್ಲಿ ಕ್ಷಣದಲ್ಲಿ ದಾಟಿದ್ದನ್ನು ಅವರು ಹಡಗಿನಲ್ಲಿ ದಾಟಬೇಕಿತ್ತು. ಮಗಳು ಬೆರಳು ಮಡಚಿದಳು. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆ. "ಒಂದೂವರೆ ದಿನನೂ ಇಲ್ಲ" ಅಂದಳು.

1930ರ ಹೊತ್ತಿಗೆ ಸಾಕುತಾಯಿಗೆ ಹೃದಯದ ಕಾಯಿಲೆ. ಆಸ್ಟ್ರಿಡ್ ಮಗನನ್ನು ಕರೆದುಕೊಂಡು ಹೋದರು. ಅವನು ಆಡುತ್ತಿದ್ದದ್ದು ಡ್ಯಾನಿಷ್. ಅಳುತ್ತಿದ್ದ, ಆದರೆ ಸದ್ದು ಮಾಡದೆ ಅಳುತ್ತಿದ್ದ, ಹಟ ಮಾಡಿ ಉಪಯೋಗವಿಲ್ಲ ಅಂತ ತಿಳಿದವನ ಹಾಗೆ. ಆ ಅಳು ತನ್ನೊಳಗೆ ನಿಂತೇ ಇಲ್ಲ ಅಂತ ಆಸ್ಟ್ರಿಡ್ ಮುಂದೆ ಹೇಳಿಕೊಂಡಿದ್ದಾರೆ. ಸ್ವಲ್ಪ ಕಾಲ ನೇಸ್‌ನಲ್ಲಿ ಅಜ್ಜ–ಅಜ್ಜಿ ನೋಡಿಕೊಂಡರು. 1931ರಲ್ಲಿ ಆಸ್ಟ್ರಿಡ್ ಸ್ತೂರೆ ಲಿಂಡ್‌ಗ್ರೆನ್‌ರನ್ನು ಮದುವೆಯಾದ ಮೇಲೆ ಅವನು ಅಮ್ಮನ ಮನೆಗೆ ಬಂದ. ಕಾರಿನ್ ಹುಟ್ಟಿದ್ದು 1934ರಲ್ಲಿ. ಲಾಸ್ಸೆ 1986ರಲ್ಲಿ, ಅಮ್ಮನಿಗಿಂತ ಮೊದಲೇ ಹೋದ.

ಬೀದಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ಇಟ್ಟಿಗೆ ಮನೆ, ಬೇಲಿ, ನಿಲ್ಲಿಸಿದ ಸೈಕಲ್. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಮತ್ತೆ ಅಷ್ಟೇ ದೂರ ವಾಪಸ್ ನಡೆದೆವು. ಒಬ್ಬರು ಗಿಡಕ್ಕೆ ನೀರು ಹಾಕುತ್ತಾ ನಮ್ಮನ್ನೇ ನೋಡಿದರು. ಮಗಳು ನನ್ನ ಕೈ ಬಿಟ್ಟು ಸ್ವಲ್ಪ ಮುಂದೆ ಹೋಗುತ್ತಿದ್ದಳು, ತಿರುಗಿ ಬಂದು ಹಿಡಿಯುತ್ತಿದ್ದಳು.

ಬಸ್‌ಸ್ಟಾಪಿನ ಹತ್ತಿರ ಐಸ್‌ಕ್ರೀಮ್ ಅಂಗಡಿ ಇತ್ತು. ಅವಳು ಐದು ದಿನ ಜೋಪಾನ ಮಾಡಿದ್ದ ನೇರಳೆ ನೋಟನ್ನು ತೆಗೆದು, ನನಗೂ ತಾನೇ ಕೊಡಿಸುತ್ತೇನೆ ಅಂತ ಧಾರಾಳವಾಗಿ ಮುಂದೆ ಚಾಚಿದಳು. ಅಂಗಡಿಯವನು ತಲೆ ಆಡಿಸಿದ. ಇದು ಡೆನ್ಮಾರ್ಕ್, ಸ್ವೀಡನ್ ದುಡ್ಡು ನಡೆಯಲ್ಲ. ನಾನು ಕಾರ್ಡ್ ಉಜ್ಜಿದೆ. ನೋಟು ಮತ್ತೆ ಪಿಪ್ಪಿ ಪುಸ್ತಕದೊಳಗೆ ಹೋಯಿತು, ಬೆಂಗಳೂರಿಗೂ ಬಂತು.